ಎರಡನೆಯ ಎಲೆ

ಚೆನ್ನರಾಯಪ್ಪನಿಗೆ ಆ ಹೂವಿನ ಹುಚ್ಚು ಹಿಡಿದದ್ದು ಕಾಶ್ಮೀರದಲ್ಲಿ. ಅದರಿಂದ ಹೊಟ್ಟೆಯೊಳಗೆ ಬೆಂಕಿ ಬಿದ್ದದ್ದು ಮಾತ್ರ ಶಿಡ್ಲಘಟ್ಟದಲ್ಲಿ, ಅದೂ ಎಷ್ಟೋ ವರ್ಷ ಕಳೆದ ಮೇಲೆ.

ಎಂಬತ್ತೇಳನೇ ಇಸವಿಯ ಮಾತು. ಗೌಸ್ ಪೀರ್ ಸಾಹೇಬರು ಶಿಡ್ಲಘಟ್ಟದಲ್ಲಿ ರೇಷ್ಮೆಹುಳುವಿನ ಮೊಟ್ಟೆ ತಯಾರಿಸಿ ಮಾರುವ ಗ್ರೈನೇಜು ಇಟ್ಟುಕೊಂಡಿದ್ದರು. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ, ಕೆಲಸ ಸಿಕ್ಕದೆ ಬಸ್ ಸ್ಟ್ಯಾಂಡಿನಲ್ಲಿ ಪೇಪರ್ ಓದುತ್ತಾ ಕೂರುತ್ತಿದ್ದ ಚೆನ್ನರಾಯಪ್ಪನನ್ನು ಕರೆದು, ಕೋಲ್ಡ್ ರೂಮಿನ ಬೀಗದ ಕೈ ಕೊಟ್ಟವರು ಅವರೇ. ಬಿಳಿ ಗೂಡು ಕಟ್ಟುವ ಹೊಸ ತಳಿಯ ವಿಷಯ ಕಲಿತುಕೊಂಡು ಬಾ ಅಂತ ಕಾಶ್ಮೀರಕ್ಕೆ ಕಳಿಸಿದರು. ನಮ್ಮ ಕಡೆ ಹಳದಿ ಗೂಡಿನ ಮೊಟ್ಟೆ ಹತ್ತು ದಿನಕ್ಕೆ ತಾನಾಗಿ ಒಡೆದುಕೊಳ್ಳುತ್ತೆ. ಈ ಬಿಳಿಯದು ಹಾಗಲ್ಲ. ಚಳಿಯಲ್ಲಿ ತಿಂಗಳುಗಟ್ಟಲೆ ಮಲಗಿ ಎದ್ದರೇ ಒಡೆಯೋದು. ಅದಕ್ಕೇ ಕೋಲ್ಡ್ ರೂಮು, ಅದಕ್ಕೇ ಬೀಗ.

ಹೋದವನು ಹುಳು ನೋಡೋದು ಬಿಟ್ಟು ಹೂ ನೋಡಿಕೊಂಡು ಕೂತ. ಪಾಠ ಮಾಡುತ್ತಿದ್ದ ಕೊಠಡಿಯ ಕಿಟಕಿಯಾಚೆ ಗೋಧಿ ಹೊಲ. ಅದರ ಬದುವಿನ ಮೇಲೆ, ಯಾರೂ ನೆಡದೆ ಯಾರೂ ನೀರು ಬಿಡದೆ, ಕಾಡು ಟ್ಯುಲಿಪ್ ಎದ್ದಿತ್ತು. ಬೆಳಗಿನ ಹೊತ್ತು ನೋಡಿದರೆ ಗೇಣುದ್ದದ ದಂಟಿನ ತುದಿಗೆ ಒಂದು ಕೆಂಪು ಮೊಗ್ಗು: ಹೊರಗಿನ ಎಸಳುಗಳ ಬೆನ್ನ ಮೇಲೆ ಗುಲಾಬಿ ಪಟ್ಟೆ, ಅಂಚಿಗೆ ಬಿಳಿ. ಬಿಸಿಲೇರಿದ ಹಾಗೆ ಆರು ಎಸಳೂ ಬಿಚ್ಚಿಕೊಂಡು ಬೆಳ್ಳನೆಯ ನಕ್ಷತ್ರ, ನಡುವೆ ಕಡುನೇರಳೆ ಕಲೆ. ಸಂಜೆಗೆ ಮತ್ತೆ ಮುಚ್ಚಿಕೊಂಡು ಕೆಂಪು ಮೊಗ್ಗು. ಎಲೆಯೋ, ಸಪೂರ, ಬೂದಿ ಬಳಿದ ಹಸಿರು. ಚೆನ್ನರಾಯಪ್ಪ ಬಾಯಿ ಬಿಟ್ಟುಕೊಂಡು ನೋಡಿದ.

ಅಲ್ಲಿನ ಮೇಷ್ಟ್ರೊಬ್ಬರು ಇವನ ಅವಸ್ಥೆ ನೋಡಿ ಆ ಗಿಡದ ಗುಣವನ್ನೆಲ್ಲ ಹೇಳಿದರು. ಒಂಟಿ ಎಲೆ ಬಂದ ಗೆಡ್ಡೆ ಆ ವರ್ಷ ಹೂ ಬಿಡೋದಿಲ್ಲ, ಎರಡನೆಯ ಎಲೆ ಮೂಡಿದರೇ ಹೂವಿನ ಆಸೆ. ಬೀಜ ಕಟ್ಟೋದು ಬಲು ಅಪರೂಪ. ಹಾಗಾದರೆ ಇದು ಹರಡೋದು ಹೇಗೆ ಅಂತಲೂ ಹೇಳಿದರು. ಸರಿಯಾಗಿ ಅದೇ ಹೊತ್ತಿಗೆ ಮೋಡ ಸರಿದು ಬಿಸಿಲು ಬಿತ್ತು, ಬದುವಿನ ಮೇಲೆ ಹೂಗಳು ಬಿಚ್ಚಿಕೊಂಡವು, ನಮ್ಮ ಪುಣ್ಯಾತ್ಮನ ಕಿವಿ ಮುಚ್ಚಿಹೋಯಿತು. ಆ ಮಾತೊಂದನ್ನು ಕೇಳಿಸಿಕೊಂಡಿದ್ದರೆ ಮುಂದೆ ಎಷ್ಟೋ ಸಂಕಟ ತಪ್ಪುತ್ತಿತ್ತು. ಏನು ಮಾಡೋಕಾಗುತ್ತೆ!

ಬರುವಾಗ ಕರವಸ್ತ್ರದಲ್ಲಿ ಒಂದು ಹಿಡಿ ಗೆಡ್ಡೆ ಕಟ್ಟಿಕೊಂಡು ಬಂದ. ಒಂಟಿ ಎಸಳಿನ ಬೆಳ್ಳುಳ್ಳಿಯಷ್ಟು ದಪ್ಪ. ಮೇಲೆ ಚಕ್ಕಳದಂಥ ಕಂದು ಸಿಪ್ಪೆ, ಸಿಪ್ಪೆಯ ಒಳಮೈಗೆ ಮೆತ್ತನೆಯ ಕೂದಲು. ಹೆಂಡತಿ ರಾಮಲಕ್ಷ್ಮಮ್ಮ, ಗಂಡ ಕಾಶ್ಮೀರದಿಂದ ಶಾಲು ತಂದಿದ್ದಾನೆ ಅಂತ ಗಂಟು ಬಿಚ್ಚಿದವಳು, ಗೆಡ್ಡೆ ನೋಡಿ ಮುಖ ಹುಳ್ಳಗೆ ಮಾಡಿಕೊಂಡಳು. "ಟ್ಯುಲಿಪಾ ಕ್ಲೂಸಿಯಾನಾ" ಅಂತ ಇವನು ದೊಡ್ಡ ಪಂಡಿತನ ಹಾಗೆ ಹೆಸರು ಹೇಳಿದ. "ಅಯ್ಯಯ್ಯೋ, ಯಾವುದೋ ಜ್ವರದ ಹೆಸರಿದ್ದ ಹಾಗಿದೆ. ಅಡುಗೆಮನೇಲಿ ಮಾತ್ರ ಇಡಬೇಡಿ, ಮರೆತು ಒಗ್ಗರಣೆಗೆ ಹಾಕಿಬಿಟ್ಟೇನು" ಅಂದಳು.

ವರ್ಷ ವರ್ಷವೂ ಕುಂಡದಲ್ಲಿ ನೆಟ್ಟ. ವರ್ಷ ವರ್ಷವೂ ಚಳಿಗಾಲಕ್ಕೆ ಒಂದೊಂದು ಎಲೆ ಬಂತು. ಒಂದೇ! ದಿನಾ ಬೆಳಗ್ಗೆ ಎದ್ದು, ಹಲ್ಲುಜ್ಜೋ ಮೊದಲೇ, ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು ಎರಡನೆಯ ಎಲೆ ಹುಡುಕುತ್ತಿದ್ದ. ಬೇಸಿಗೆಗೆ ಎಲೆ ಒಣಗಿದರೆ ಪಾಪ ಬಾಯಾರಿರಬೇಕು ಅಂತ ಚೊಂಬುಗಟ್ಟಲೆ ನೀರು ಹುಯ್ಯುತ್ತಿದ್ದ. ಒಂದೊಂದಾಗಿ ಗೆಡ್ಡೆ ಕೊಳೆತವು.

ಒಂದು ಕುಂಡವನ್ನು ಅಕ್ಕ ಲಕ್ಷ್ಮೀನರಸಮ್ಮನ ಮನೆಯಲ್ಲೂ ಇಟ್ಟಿದ್ದ. ಅವಳ ಮನೆ ಮಂಚೇನಹಳ್ಳಿಯಿಂದ ಒಂದಿಷ್ಟು ಒಳಗೆ, ಹಿತ್ತಿಲಲ್ಲಿ ಕಲ್ಲಿನ ತೊಟ್ಟಿ, ಪಕ್ಕದಲ್ಲಿ ಹೊಂಗೆ ಮರದ ನೆರಳು, ಅಲ್ಲೇ ನೆಲದ ಮೇಲೆ ಕುಂಡ. ಮುಂದಿನ ವರ್ಷ ಹೋಗಿ ಕುಂಡ ಬೋರಲು ಹಾಕಿ ನೋಡಿದರೆ ಗೆಡ್ಡೆಯೇ ಇಲ್ಲ. ಬರೀ ಖಾಲಿ ಸಿಪ್ಪೆ, ಕುಂಡದ ತಳದ ತೂತಿನಲ್ಲಿ ಹರಿದುಹೋದ ಒಂದು ಬಿಳೀ ದಾರದಂಥ ಬೇರು. "ನಿನ್ನ ಮನೆ ಇಲಿ ತಿಂದುಹಾಕಿದೆ ಕಣಕ್ಕ" ಅಂತ ರೇಗಿದ. "ತಿಂದರೆ ತಿಂತು ಬಿಡೋ, ಅದಕ್ಕೂ ಕಾಶ್ಮೀರದ ಬೆಳ್ಳುಳ್ಳಿ ರುಚಿ ಗೊತ್ತಾಗಲಿ" ಅಂದಳು ಅವಳು. ಮಣ್ಣನ್ನು ಅಲ್ಲೇ ತೊಟ್ಟಿ ಪಕ್ಕ ಚೆಲ್ಲಿ ಬಂದ.

ಅಷ್ಟರಲ್ಲಿ ಕಾಶ್ಮೀರದ ಕಡೆ ಗಲಾಟೆ ಶುರುವಾಗಿತ್ತು. ಪೇಪರ್ ಬಿಚ್ಚಿದರೆ ಗುಂಡು, ಕರ್ಫ್ಯೂ. ಹೋಗಿ ಇನ್ನೊಂದು ಹಿಡಿ ತರೋಣ ಅನ್ನೋ ಹಾಗಿರಲಿಲ್ಲ. ಉಳಿದದ್ದು ನಾಲ್ಕಾರು ಗೆಡ್ಡೆ. ಆಗ ಅವನ ತಲೆಗೆ ಹೊಳೆಯಿತು ನೋಡಿ: ಹಿಮ ಬೀಳುವ ಊರಿನ ಗೆಡ್ಡೆಗೆ ಇಲ್ಲಿನ ಚಳಿ ಸಾಲದು, ಚಳಿ ಕೊಡಬೇಕು. ಚಳಿ ಎಲ್ಲಿದೆ? ಅವನ ಸೊಂಟದಲ್ಲೇ ಅದರ ಬೀಗದ ಕೈ ತೂಗಾಡುತ್ತಿತ್ತು.

ಕೋಲ್ಡ್ ರೂಮಿನ ಬಾಗಿಲ ಮೇಲೆ 'ಮೊಟ್ಟೆ ಬಿಟ್ಟು ಬೇರೇನೂ ಇಡಬಾರದು' ಅಂತ ದಪ್ಪ ಅಕ್ಷರದಲ್ಲಿ ಬರೆದವನು ಅವನೇ. ಹಿಂದೊಮ್ಮೆ ಯಾರೋ ಕೆಲಸದವರು ಮಾವಿನಹಣ್ಣು ಇಟ್ಟಿದ್ದಕ್ಕೆ ಗೌಸ್ ಪೀರ್ ಸಾಹೇಬರು ಬುಟ್ಟಿ ಸಮೇತ ಬೀದಿಗೆ ಎಸೆದಿದ್ದರು. "ಅರೆ, ಇದು ಏನು ನಿಮ್ಮ ಅತ್ತೆ ಮನೇನಾ? ಮೊಟ್ಟೆಗೂ ಉಸಿರಿದೆ. ಬೂಷ್ಟು ಹಿಡಿದರೆ ರೈತರ ಮನೆ ಬಾಗಿಲು ಮುಚ್ಚುತ್ತೆ!" ಆ ಮಾತು ಕೇಳುತ್ತಾ ತಲೆಯಾಡಿಸಿದವನೂ ಇವನೇ. ಅಂಥವನು ದಸರಾ ಕಳೆದ ಮೇಲೆ ಒಂದು ಬಿಸ್ಕತ್ ಡಬ್ಬಿಗೆ ಮರಳು ತುಂಬಿ, ಗೆಡ್ಡೆಗಳನ್ನು ಹೂತು, ಮೊಟ್ಟೆ ತಟ್ಟೆಗಳ ಹಿಂದೆ ಮೂಲೆಯಲ್ಲಿ ಅಡಗಿಸಿಟ್ಟ. ಬುದ್ಧಿಗೆ ಏನಾಗಿತ್ತೋ!

ಇನ್ನು ಲಕ್ಷ್ಮೀನರಸಮ್ಮನ ವಿಷಯ. ತಾಯಿ ಹೋದ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳು. ಗಂಡ ಸತ್ತ ಮೇಲೂ ಹಿಪ್ಪುನೇರಳೆ ತೋಟ ಬಿಡಲಿಲ್ಲ, ಹುಳು ಮನೆ ಬಿಡಲಿಲ್ಲ. ಆ ಹುಳು ಮನೆಯ ಮೇಲೆ ಅವಳ ಮೈದುನ ಚಿಕ್ಕವೆಂಕಟಪ್ಪನ ಕಣ್ಣು. ರಸ್ತೆ ಬದಿಗಿದ್ದ ಗಟ್ಟಿ ಗೋಡೆಯ ಮನೆ, ಹಿಟ್ಟಿನ ಗಿರಣಿ ಹಾಕಬೇಕು ಅಂತ ಅವನ ಆಸೆ. ಹಿಂದಿನ ಎರಡು ಬೆಳೆ ಸರಿಯಾಗಿ ಆಗಿರಲಿಲ್ಲ. ಊರ ಹಿರಿಯರ ಮುಂದೆ ಮಾತಾಯಿತು: ಇದೊಂದು ಬೆಳೆ ನೋಡೋಣ, ಕೈಕೊಟ್ಟರೆ ಹುಳು ಮನೆ ಅವನಿಗೆ ಬಿಡಬೇಕು. ಲಕ್ಷ್ಮೀನರಸಮ್ಮ ಒಪ್ಪಿ ಬಂದು ತಮ್ಮನಿಗೆ ಹೇಳಿದಳು. "ನಿನ್ನ ಬಿಳಿ ಗೂಡಿನ ಮೊಟ್ಟೆನೇ ಕೊಡೋ. ಈ ಸಲ ಅದನ್ನೇ ಹಾಕ್ತೀನಿ. ಊರೋರು ಬೇಡ ಅಂತಾರೆ, ಹೊಸದು ಅಂತಾರೆ. ನೀನು ಇಟ್ಟುಕೊಂಡಿರೋ ಮೊಟ್ಟೆ ಅಂದ ಮೇಲೆ ನಂಗೇನು ಭಯ?"

ಜನವರಿ ಕೊನೆಯಲ್ಲಿ ಮೊಟ್ಟೆ ಅಂಟಿದ ಹಾಳೆಗಳನ್ನು ಒದ್ದೆ ಬಟ್ಟೆ ಸುತ್ತಿದ ಚೀಲದಲ್ಲಿಟ್ಟು, ತೊಡೆಯ ಮೇಲೆ ಹಸುಗೂಸಿನ ಹಾಗೆ ಇಟ್ಟುಕೊಂಡು, ಬಸ್ಸಿನಲ್ಲಿ ಹೋಗಿ ತಾನೇ ಕೊಟ್ಟು ಬಂದ. ಕೊಡುವಾಗ ಮಾಡಿದ ಉಪದೇಶ ಒಂದೇ ಎರಡೇ! ಗೋಡೆಗೆ ಸುಣ್ಣ ಹೊಡಿ, ಬಾಗಿಲಲ್ಲಿ ಕಾಲು ತೊಳೆಯೋಕೆ ಬ್ಲೀಚಿಂಗ್ ನೀರಿಡು, ಹುಳಕ್ಕೆ ಘಾಟು ಆಗಲ್ಲ, ಒಗ್ಗರಣೆ ಹಾಕಬೇಡ, ಮನೆ ಸುತ್ತ ಒಂದೇ ಒಂದು ಕಳೆ ಗಿಡ ಇರಬಾರದು, ಅದರಿಂದಲೇ ರೋಗ ಬರೋದು. "ಆಯ್ತಪ್ಪ, ಆಯ್ತು" ಅಂತ ಅಕ್ಕ ಎಲ್ಲಕ್ಕೂ ತಲೆಯಾಡಿಸಿದಳು.

ಆಮೇಲೆ ಒಂದು ವಾರ ಆರಾಮಾಗಿಯೇ ಇದ್ದ. ಎಂಟನೆಯ ದಿನ ಕೋನಪ್ಪ ಬಂದ.

ಕೋನಪ್ಪ ವಿದುರಾಶ್ವತ್ಥದ ಕಡೆಯವನು, ಲಕ್ಷ್ಮೀನರಸಮ್ಮನ ಗಂಡನ ಕಡೆ ನೆಂಟ. ಅದೇ ಕೋಲ್ಡ್ ರೂಮಿನ ಮೊಟ್ಟೆಯನ್ನು ಅವಳಿಗಿಂತ ಮೂರು ನಾಲ್ಕು ದಿನ ಮುಂಚೆ ತೆಗೆದುಕೊಂಡು ಹೋಗಿದ್ದ. ಬಂದವನೇ ಹಾಳೆಗಳನ್ನು ಮೇಜಿನ ಮೇಲೆ ಹರಡಿದ. "ನೋಡಿ ಸಾಹೇಬರೇ. ಅರ್ಧಕ್ಕರ್ಧ ಒಡೀಲೇ ಇಲ್ಲ. ಸತ್ತು ಕೂತಿವೆ."

ಗೌಸ್ ಪೀರ್ ಸಾಹೇಬರು ಕನ್ನಡಕ ಏರಿಸಿ ಹಾಳೆ ನೋಡಿದರು. ಮೊಟ್ಟೆಗಳು ಚಪ್ಪಟೆಯಾಗಿ, ಕಂದಾಗಿ, ಒಣಗಿದ್ದವು. "ಚೆನ್ನರಾಯಪ್ಪ, ಒಳಗೆ ಏನಾಯ್ತು? ಕರೆಂಟ್ ಹೋಗಿತ್ತಾ? ಯಾರಾದ್ರೂ ಏನಾದ್ರೂ ಇಟ್ಟಿದ್ರಾ?"

"ಇಲ್ಲ ಸಾಹೇಬ್ರೆ" ಅಂದ.

"ನೀನಿದ್ದ ಮೇಲೆ ಹಾಗಾಗಲ್ಲ, ನಂಗೆ ಗೊತ್ತು" ಅಂದರು ಸಾಹೇಬರು. ಆ ಮಾತು ಕಪಾಳಕ್ಕೆ ಹೊಡೆದ ಹಾಗಾಯಿತು.

ಅವರು ಆಚೆ ಹೋದದ್ದೇ ತಡ, ಕೋಲ್ಡ್ ರೂಮಿಗೆ ನುಗ್ಗಿದ. ಮೂಲೆಯ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ. ಒಂದು ಗೆಡ್ಡೆಯ ಮೈಮೇಲೆಲ್ಲ ನೀಲಿ ಬೂಷ್ಟು. ಮುಚ್ಚಳದ ಒಳಗೂ ಬೂಷ್ಟಿನ ಪುಡಿ. ಇದೇ ಗಾಳಿಯನ್ನು ಮೂರು ತಿಂಗಳು ಅಕ್ಕನ ಮೊಟ್ಟೆಗಳು ಉಸಿರಾಡಿದ್ದವು. ಅವನೇ ಆ ಡಬ್ಬಿ ಮುಟ್ಟಿದ ಕೈಯಿಂದ ಅವಳ ಹಾಳೆಗಳನ್ನು ಎಣಿಸಿ ಕೊಟ್ಟಿದ್ದ.

ಪಕ್ಕದ ಗೆಡ್ಡೆಯನ್ನು ಆಗ ನೋಡಿದ. ಅದು ಗಟ್ಟಿಯಾಗಿತ್ತು, ಮೊಳೆತಿತ್ತು. ಮರಳಿನಿಂದ ಮೇಲೆ ಬೂದುಹಸಿರಿನ ತುದಿ ಎದ್ದಿತ್ತು. ಅದರ ಮಗ್ಗುಲಲ್ಲಿ ಇನ್ನೊಂದು ತುದಿ.

ಎರಡನೆಯ ಎಲೆ.

ಇಷ್ಟು ವರ್ಷ ಕಾದದ್ದು ಅಂಗೈಯಲ್ಲಿತ್ತು. ರೇಷ್ಮೆ ಕೆಲಸದವರಿಗೆ ಒಂದು ನೇಮವಿದೆ: ರೋಗದ ಸಂಶಯ ಬಂದದ್ದನ್ನು ತೊಳೆಯೋದಿಲ್ಲ, ಒಣಗಿಸೋದಿಲ್ಲ, ಸುಡೋದು. ಅವನು ಹುಟ್ಟಿದಾಗಿನಿಂದ ಅದನ್ನೇ ನೋಡಿಕೊಂಡು ಬಂದವನು. ಅದರ ಜೊತೆಗೆ, ಸುಳ್ಳು ಯಾಕೆ ಹೇಳಬೇಕು, ಸಾಹೇಬರ ಕಣ್ಣಿಗೆ ಬೀಳುವ ಭಯವೂ ಇತ್ತು. ಡಬ್ಬಿಯನ್ನು ಟವಲ್ಲಿನಲ್ಲಿ ಮುಚ್ಚಿಕೊಂಡು ಪಕ್ಕದ ಮನೆಗೆ ಹೋದ. ಅಲ್ಲಿ ಬಿಸ್ಮಿಲ್ಲಾ ಬೀ ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದಳು. ಅವಳ ಒಲೆಯ ಬಾಯಿಗೆ ಮರಳು ಸಮೇತ ಗೆಡ್ಡೆಗಳನ್ನೆಲ್ಲ ಸುರಿದ. ಗಟ್ಟಿಯದನ್ನು ಒಂದು ಗಳಿಗೆ ಬೆರಳಲ್ಲಿ ಹಿಡಿದು, ಅದನ್ನೂ ಹಾಕಿದ.

"ಏನು ಭಾಯ್, ಈರುಳ್ಳಿ ಸುಟ್ಟ ವಾಸನೆ?" ಅಂದಳು ಬಿಸ್ಮಿಲ್ಲಾ ಬೀ.

"ಏನಿಲ್ಲ ಆಪಾ, ಕಸ" ಅಂದ. ಅಳು ತಡೆದುಕೊಂಡು ಆಚೆ ಬಂದ.

ಅಕ್ಕನ ಮೊಟ್ಟೆ ಒಡೆಯುವ ದಿನದ ಬೆಳಗ್ಗೆ ಮೊದಲ ಬಸ್ಸು ಹಿಡಿದ. ಊಟ ಸೇರದೆ, ಕಣ್ಣು ಮುಚ್ಚದೆ ಕಾದಿದ್ದ. ರಾಮಲಕ್ಷ್ಮಮ್ಮ "ಏನಾಯ್ತು ಹೇಳಿ, ನನ್ನ ಜೀವ ತಿನ್ನಬೇಡಿ" ಅಂದರೂ ಬಾಯಿ ಬಿಟ್ಟಿರಲಿಲ್ಲ. ಚಿಕ್ಕಬಳ್ಳಾಪುರ ದಾಟಿದ ಮೇಲೆ ಕಿಟಕಿಯಿಂದ ಚಳಿಗಾಳಿ ಹೊಡೆಯುತ್ತಿತ್ತು. ಡಬ್ಬಿ ಮುಟ್ಟಿದ ಕೈಯನ್ನೇ ಮತ್ತೆ ಮತ್ತೆ ನೋಡಿಕೊಂಡ. ಸೋಪು ಹಾಕಿ ಉಜ್ಜಿ ಉಜ್ಜಿ ಬೆರಳ ಚರ್ಮ ಕಿತ್ತುಬಂದಿತ್ತು. ಆದರೂ ಉಗುರ ಸಂದಿಯಲ್ಲಿ ಆ ನೀಲಿ ಪುಡಿ ಇದೆ ಅಂತಲೇ ಅನ್ನಿಸುತ್ತಿತ್ತು.

ಹುಳು ಮನೆಯ ಜಗಲಿಯ ಮೇಲೆ ಚಿಕ್ಕವೆಂಕಟಪ್ಪ ಆಗಲೇ ಬಂದು ಕೂತಿದ್ದ. ಪಕ್ಕದಲ್ಲಿ ಗಿರಣಿ ಕೂರಿಸುವ ಮೇಸ್ತ್ರಿ ಬೇರೆ, ಬೀಡಿ ಹಚ್ಚದೆ ಬಾಯಲ್ಲಿಟ್ಟುಕೊಂಡು. "ಬಾರಪ್ಪ ಬಾ" ಅಂದ ಚಿಕ್ಕವೆಂಕಟಪ್ಪ. "ನಿನ್ನ ಕಾಶ್ಮೀರದ ವಿದ್ಯೆ ಏನಾಗುತ್ತೋ ನೋಡೋಣ ಅಂತ ಬಂದ್ವಿ. ಕೋನಪ್ಪಂದು ಒಡೀಲಿಲ್ಲವಂತೆ? ನಿಜಮೇನಾ?"

ಚೆನ್ನರಾಯಪ್ಪ ನೇರ ಬಾಗಿಲಿಗೆ ಬಂದ.

"ನಿಲ್ಲೋ!" ಒಳಗಿನಿಂದಲೇ ಕೂಗಿದಳು ಅಕ್ಕ. "ಕಾಲು! ಬ್ಲೀಚಿಂಗ್ ನೀರಲ್ಲಿ ಅದ್ದಿ ಬಾ. ಯಾರಾದ್ರೂ ಅಷ್ಟೇ, ತಮ್ಮ ಆದ್ರೂ ಅಷ್ಟೇ. ನೀನೇ ಹೇಳಿದ್ದಲ್ವಾ?" ನಗುತ್ತಿದ್ದಳು. ಗೋಡೆಗೆ ಹೊಸ ಸುಣ್ಣ, ನೆಲ ಸಾರಿಸಿದ ವಾಸನೆ, ಎಳೆಯ ಹಿಪ್ಪುನೇರಳೆ ಎಲೆ ಒದ್ದೆ ಗೋಣಿಯಲ್ಲಿ ಮುಚ್ಚಿಟ್ಟಿದ್ದಳು. ನಡುವೆ ಮಣೆಯ ಮೇಲೆ ಕಪ್ಪು ಬಟ್ಟೆಯ ಗಂಟು. ಮೊಟ್ಟೆಯ ಮೇಲೆ ಚುಕ್ಕೆ ಕಂಡ ದಿನ ಹಾಳೆಗಳನ್ನು ಕಪ್ಪು ಬಟ್ಟೆಯಲ್ಲಿ ಕಟ್ಟಿ ಕತ್ತಲಲ್ಲಿ ಇಡ್ತಾರೆ. ಮುಂದೆ ಹೋದ ಮರಿ ನಿಲ್ಲುತ್ತೆ, ಹಿಂದೆ ಬಿದ್ದದ್ದು ಕೂಡಿಕೊಳ್ಳುತ್ತೆ. ಬಟ್ಟೆ ಬಿಚ್ಚಿ ಬೆಳಕು ತೋರಿಸಿದರೆ ಎಲ್ಲ ಒಟ್ಟಿಗೆ ಒಡೆದು ಬರಬೇಕು. ಬಂದರೆ ಬಂತು.

"ಬಿಚ್ಚಪ್ಪ" ಅಂದಳು. "ನಿಂದೇ ಕೈಗುಣ. ನಿನಗೋಸ್ಕರ ಕಾದಿದ್ದೀನಿ."

ಚೆನ್ನರಾಯಪ್ಪ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡ. "ನೀನೇ ಬಿಚ್ಚಕ್ಕ."

"ಅದ್ಯಾಕೆ? ಹುಳು ಹಾಕಿದಾಗೆಲ್ಲ ಈ ಮನೇಲಿ ನೀನೇ ಬಿಚ್ಚೋದು."

"ಇವತ್ತು ಬೇಡ."

"ಕೈಗೇನಾಯ್ತೋ?"

"ಬೇಡ ಅಂದ್ನಲ್ಲ!" ಧ್ವನಿ ತಾನಾಗಿಯೇ ಏರಿತು. ಜಗಲಿಯ ಮೇಲೆ ಚಿಕ್ಕವೆಂಕಟಪ್ಪ ಮೇಸ್ತ್ರಿಯ ಮುಖ ನೋಡಿದ. ಅಕ್ಕನ ನಗು ಹೋಯಿತು. ತಮ್ಮನ ಮುಖವನ್ನು ಒಂದು ಗಳಿಗೆ ದಿಟ್ಟಿಸಿದಳು, ಅಲ್ಲಿ ಏನೋ ಕಂಡಿತು, ಅವಳ ಮುಖವೂ ಬಾಡಿತು. ಕೂತು ತಾನೇ ಗಂಟು ಬಿಚ್ಚಿದಳು. ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹರಡಿದಳು.

ಮೊಟ್ಟೆಗಳು ಸುಮ್ಮನೆ ಕೂತಿದ್ದವು.

ಕಾದರು. ಬೆಳಕು ಗೋಡೆಯಿಂದ ಇಳಿದು ಮಣೆಗೆ ಬಂತು. ಏನೂ ಇಲ್ಲ. ಹೊರಗೆ ಮೇಸ್ತ್ರಿ ಗೋಡೆಯನ್ನು ಕಾಲಿನಿಂದ ಅಳೆಯುತ್ತಿರುವ ಸದ್ದು ಕೇಳಿಸಿತು. "ಆಗಲೇ ಶುರುವಾಗಬೇಕಿತ್ತು ಅಲ್ವೇನೋ?" ಅಂದಳು ಅಕ್ಕ, ಸಣ್ಣಗೆ. ಚೆನ್ನರಾಯಪ್ಪನಿಗೆ ಎದ್ದು ಓಡಿಹೋಗಬೇಕು ಅನ್ನಿಸಿತು. ದೇವರೇ, ನನಗೆ ಹೂ ಬೇಡ, ಕೆಲಸ ಬೇಡ, ಇವಳ ಮೊಟ್ಟೆ ಒಡೆಯಲಿ, ಅಂತ ಮನಸ್ಸಿನಲ್ಲೇ ಮೊರೆಯಿಟ್ಟ. ಸೋಮಾರಿತನದಿಂದ ಯಾವ ದೇವರಿಗೂ ಕೈ ಮುಗಿಯದವನು ಊರಿನ ದೇವರಿಗೆಲ್ಲ ಒಟ್ಟಿಗೆ ಕೈ ಮುಗಿದ.

ಒಂದು ಹಾಳೆಯ ಅಂಚಿನಲ್ಲಿ ಕಪ್ಪನೆಯ ಕೂದಲೆಳೆಯಂಥದ್ದೇನೋ ಅಲ್ಲಾಡಿತು.

"ಅಕ್ಕಾ."

"ನೋಡ್ದೆ, ಮಾತಾಡಬೇಡ."

ಇನ್ನೊಂದು. ಪಕ್ಕದಲ್ಲಿ ಮತ್ತೊಂದು. ಆಮೇಲೆ ನೋಡಿ, ಎಲ್ಲಿ ನೋಡಿದರಲ್ಲಿ! ಇರುವೆಮರಿಗಿಂತ ಸಣ್ಣವು, ಕರಿಯವು, ಸಾವಿರ ಸಾವಿರ, ಹಾಳೆ ಪೂರ್ತಿ ತೆವಳತೊಡಗಿದವು. ಬಿಳಿಯ ಹಾಳೆ ಕಪ್ಪಾಯಿತು. ಲಕ್ಷ್ಮೀನರಸಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಸತ್ತ ಮೊಟ್ಟೆ ಹುಡುಕಿದರೂ ಸಿಕ್ಕಲಿಲ್ಲ. ಚಿಕ್ಕವೆಂಕಟಪ್ಪ ಬಾಗಿಲಿಂದ ಇಣುಕಿ, ನೋಡಿ, "ಹೂಂ, ಬಂದಿವೆ ಬಿಡು" ಅಂತ ಗೊಣಗಿ ಮೇಸ್ತ್ರಿಯನ್ನು ಕರೆದುಕೊಂಡು ಹೊರಟುಹೋದ.

ಅಕ್ಕ ಎಳೆ ಎಲೆಯನ್ನು ದಾರದಷ್ಟು ಸಣ್ಣಗೆ ಹೆಚ್ಚಿ ಮರಿಗಳ ಮೇಲೆ ಉದುರಿಸುತ್ತಾ, ಉಸಿರು ಬಿಟ್ಟು, ಮಾತು ಶುರು ಮಾಡಿದಳು. "ಆ ಕೋನಪ್ಪನ ಕಥೆ ಕೇಳಿದ್ಯಾ? ಮೊನ್ನೆ ಅವನ ಹೆಂಡತಿ ಬಂದು ಅತ್ತಳು. ಮೊಟ್ಟೆ ಚೀಲ ಜನದ ತುಳಿತಕ್ಕೆ ಸಿಕ್ಕೀತು ಅಂತ ಬಸ್ಸಿನ ಇಂಜಿನ್ ಬಾನೆಟ್ ಮೇಲೆ ಇಟ್ಟು, ಗೌರಿಬಿದನೂರು ಬರೋವರೆಗೂ ನಿದ್ದೆ ಹೊಡೆದನಂತೆ! ಬೆಂದು ಹೋಗದೆ ಇನ್ನೇನು? ಸಾಹೇಬರು ಬೈತಾರೆ ಅಂತ ಅಲ್ಲಿ ಹೇಳಲೇ ಇಲ್ಲವಂತೆ, ಮಾನಗೇಡಿ. ನಾಳೆ ನಾನೇ ಕರೆದುಕೊಂಡು ಬಂದು ಹೇಳಿಸ್ತೀನಿ ಬಿಡು."

ಚೆನ್ನರಾಯಪ್ಪ ನಿಂತಲ್ಲೇ ನೆಲದ ಮೇಲೆ ಕೂತ. ಬಾನೆಟ್ಟು! ಗೆಡ್ಡೆಗಳ ತಪ್ಪೇ ಇರಲಿಲ್ಲ. ಒಲೆಗೆ ಹಾಕುವಾಗ ಬೆರಳಿಗೆ ತಾಗಿದ ಆ ಎರಡು ತುದಿಗಳ ತಂಪು ನೆನಪಾಯಿತು. ಅಕ್ಕ ಬಂದು ಮುಂದೆ ಕೂತಳು. "ಏನು ಮಾಡ್ಕೊಂಡಿದ್ದೀಯ? ಈಗ ಹೇಳು."

ಎಲ್ಲ ಹೇಳಿದ. ಡಬ್ಬಿ, ಬೂಷ್ಟು, ಸಾಹೇಬರಿಗೆ ಹೇಳಿದ ಸುಳ್ಳು, ಒಲೆ. ಅವಳು ಬೈಯಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು.

"ಎಲ್ಲಾ ಸುಟ್ಟುಬಿಟ್ಯಾ?"

"ಎಲ್ಲಾ."

"ನನ್ನ ಹುಳಕ್ಕೋಸ್ಕರಾನಾ?"

"ಭಯಕ್ಕೆ ಕಣಕ್ಕ."

"ಮಕ್ಕಳ ಹಾಗೆ ನೋಡ್ಕೊಂಡಿದ್ಯಲ್ಲೋ" ಅಂದಳು. "ಸಾಹೇಬರಿಗೂ ಹೇಳಿಬಿಡು. ಆಮೇಲೆ ನಿದ್ದೆ ಬರುತ್ತೆ. ಹೋಗು, ತೊಟ್ಟಿ ಹತ್ತಿರ ಮುಖ ತೊಳ್ಕೊಂಡು ಬಾ" ಅಂತ ಎಬ್ಬಿಸಿದಳು.

ಹಿತ್ತಿಲು ಕನ್ನಡಿಯ ಹಾಗೆ ಚೊಕ್ಕಟವಾಗಿತ್ತು. ಒಂದು ಹುಲ್ಲುಕಡ್ಡಿ ಬಿಟ್ಟಿರಲಿಲ್ಲ. ಕಲ್ಲಿನ ತೊಟ್ಟಿಯ ಪಕ್ಕ, ಹೊಂಗೆ ನೆರಳಲ್ಲಿ, ಕಿತ್ತ ಕಳೆಯೆಲ್ಲ ಒಂದು ಬುಟ್ಟಿಯಲ್ಲಿತ್ತು, ಮೇಲೆ ಒದ್ದೆ ಗೋಣಿತಾಟು. "ಆ ಕಳೆ ತಿಪ್ಪೆಗೆ ಹಾಕಿಬಿಡೋ" ಅಂತ ಅಕ್ಕ ಒಳಗಿನಿಂದ ಕೂಗಿದಳು. "ನೀನು ಹೇಳಿದ ಹಾಗೆ ನೆನ್ನೆ ಎಲ್ಲಾ ಕಿತ್ತೆ. ತೊಟ್ಟಿ ಪಕ್ಕ ಯಾವುದೋ ಬೆಳ್ಳುಳ್ಳಿ ಎಲೆಯಂಥದ್ದು ಬಂದಿತ್ತು, ಹಸು ಮೂಸಿಯೂ ನೋಡಲಿಲ್ಲ."

ಗೋಣಿ ಸರಿಸಿದ. ಗರಿಕೆ, ತುಂಬೆ, ಹೊನಗೊನ್ನೆ. ಅವುಗಳ ನಡುವೆ ಬೂದಿ ಬಳಿದ ಹಸಿರಿನ ಒಂದು ಸಪೂರ ಎಲೆ. ಅದರ ಬುಡದಲ್ಲಿ ಅದನ್ನು ತಬ್ಬಿಕೊಂಡ ಎರಡನೆಯ ಎಲೆ. ನಡುವೆ ದಂಟು. ದಂಟಿನ ತುದಿಯಲ್ಲಿ ಬಿಗಿದುಕೊಂಡ ಒಂದು ಕೆಂಪು ಮೊಗ್ಗು, ಅಂಚಿಗೆ ಬಿಳಿ. ಬುಡದಲ್ಲಿ ಗೆಡ್ಡೆ ಬಂದಿರಲಿಲ್ಲ, ದಂಟು ಮಣ್ಣಿನೊಳಗೇ ತುಂಡಾಗಿತ್ತು.

ತೊಟ್ಟಿಯ ಅಂಚು ಹಿಡಿದುಕೊಂಡ. ಕಿಟಕಿಯಾಚೆ ನೋಡುತ್ತಾ ಕಿವಿಗೆ ಹಾಕಿಕೊಳ್ಳದೆ ಬಿಟ್ಟಿದ್ದ ಮೇಷ್ಟ್ರ ಮಾತು ಈಗ, ಇಷ್ಟು ವರ್ಷದ ಮೇಲೆ, ಎಲ್ಲಿಂದಲೋ ಎದ್ದು ಬಂತು. ಈ ಗಿಡ ಬೀಜ ನಂಬಿಕೊಂಡಿರೋದಿಲ್ಲ. ತಾಯಿಗೆಡ್ಡೆ ಒಂದು ಬಿಳೀ ದಾರ ಬಿಟ್ಟು ಮರಿಯನ್ನು ಅದರ ತುದಿಯಲ್ಲಿ ಆಳಕ್ಕೆ ಇಳಿಸಿಬಿಡುತ್ತೆ, ತಾನು ಖಾಲಿ ಸಿಪ್ಪೆಯಾಗುತ್ತೆ. ಇಲಿ ತಿಂದಿರಲಿಲ್ಲ. ಅವನು ಕುಂಡ ಬೋರಲು ಹಾಕುವ ಹೊತ್ತಿಗಾಗಲೇ ಮರಿಗೆಡ್ಡೆ ತಳದ ತೂತಿನಿಂದ ಇಳಿದು ಅಕ್ಕನ ನೆಲ ಸೇರಿತ್ತು. ಬೇಸಿಗೆಯಲ್ಲಿ ಯಾರೂ ನೀರು ಹುಯ್ಯದೆ ಒಣಗಿ ಮಲಗಿತ್ತು. ಕೋಲ್ಡ್ ರೂಮು ಬೇಕಿರಲಿಲ್ಲ, ಮಂಚೇನಹಳ್ಳಿಯ ಚಳಿಯೇ ಸಾಕಾಗಿತ್ತು. ಹೂ ಬಿಡೋಕೆ ಬಂದಿತ್ತು. ಕಳೆ ಇರಬಾರದು ಅಂತ ಉಪದೇಶ ಮಾಡಿದವನು ತಾನೇ.

ಚೊಂಬಿಗೆ ನೀರು ತುಂಬಿ ದಂಟು ಇಳಿಬಿಟ್ಟು ತೊಟ್ಟಿಯ ಮೇಲೆ ಬಿಸಿಲಿಗಿಟ್ಟ. ಎದುರಿಗೆ ಕೂತ, ಆ ಹಳೇ ದಿನಗಳ ಹಾಗೆ ಕುಕ್ಕರಗಾಲಲ್ಲಿ. ಬಹಳ ಹೊತ್ತು ಅದು ಸುಮ್ಮನಿತ್ತು. ಬಿಸಿಲು ಏರಿತು. ಒಂದು ಎಸಳು ಸಡಿಲವಾಯಿತು. ನೋಡನೋಡುತ್ತಿದ್ದ ಹಾಗೆ ಆರು ಎಸಳೂ ಹಿಂದಕ್ಕೆ ಬಾಗಿ, ಬೆಳ್ಳನೆಯ ನಕ್ಷತ್ರವಾಗಿ, ನಡುವಿನ ನೇರಳೆ ಕಲೆ ಕಂಡಿತು. ಚೆನ್ನರಾಯಪ್ಪ ಬಿಕ್ಕಿ ಬಿಕ್ಕಿ ಅತ್ತ.

"ಅದೇನೋ ಅದು?"

ಅಕ್ಕ ಹಿಂದೆ ಬಂದು ನಿಂತಿದ್ದಳು. ಎಲೆಯ ಚೂರು ಅಂಟಿದ ಕೈ, ಕಣ್ಣಲ್ಲಿ ಬೆಳಗಿನ ಸಂತೋಷ ಇನ್ನೂ ಇತ್ತು. ಹೇಳಿಬಿಟ್ಟರೆ ಆ ಸಂತೋಷ ಅಲ್ಲೇ ಸಾಯುತ್ತೆ. ಅವನು ಟವಲ್ಲಿನಿಂದ ಮುಖ ಒರೆಸಿಕೊಂಡ.

"ಕಳೆ ಕಣಕ್ಕ."

"ಕಳೆನಾ?"

"ಹೂಂ. ಚೆನ್ನಾಗಿದೆ ಅಂತ ಇಟ್ಟೆ."

"ಅಳ್ತಿದ್ಯಲ್ಲೋ."

"ಮೊಟ್ಟೆ ಒಡೀತಲ್ಲ, ಅದಕ್ಕೆ."

ಲಕ್ಷ್ಮೀನರಸಮ್ಮ ಹೂವನ್ನು ನೋಡಿದಳು. ತೊಟ್ಟಿ ಪಕ್ಕದ ನೆಲ ನೋಡಿದಳು. ಅವನು ಅಂದು ಬೋರಲು ಹಾಕಿದ್ದ ಹಳೇ ಕುಂಡ ಅಲ್ಲೇ ಗೋಡೆಗೆ ಒರಗಿತ್ತು, ಅದನ್ನೂ ನೋಡಿದಳು. "ಊಟಕ್ಕೆ ಬಾ" ಅಂತ ಒಳಗೆ ಹೋದಳು.

ಊಟ ಮಾಡಿ ಒಂದಿಷ್ಟು ಒರಗಿದವನಿಗೆ ಎಷ್ಟೋ ದಿನದ ಮೇಲೆ ನಿದ್ದೆ ಹತ್ತಿತು. ಸಾಯಂಕಾಲದ ಬಸ್ಸಿಗೆ ಹೊರಡೋಣ ಅಂತ ಎದ್ದು ಚಪ್ಪಲಿ ಹಾಕಿಕೊಳ್ಳಲು ಹಿತ್ತಿಲಿಗೆ ಬಂದ. ಚೊಂಬಿನಲ್ಲಿದ್ದ ಹೂ ಮುಚ್ಚಿಕೊಂಡು ಕೆಂಪು ಮೊಗ್ಗಾಗಿತ್ತು. ತೊಟ್ಟಿಯ ಪಕ್ಕ ಅಕ್ಕ ನೆಲದ ಮೇಲೆ ಕೂತು, ಕಿತ್ತ ಜಾಗದ ಸುತ್ತ ಜಾಲಿಮುಳ್ಳು ಊರಿ ಬೇಲಿ ಕಟ್ಟುತ್ತಿದ್ದಳು. ಮಣ್ಣನ್ನು ಕೆದಕಿರಲಿಲ್ಲ, ನೀರೂ ಹಾಕಿರಲಿಲ್ಲ. ಬೆರಳಿಗೆ ಮುಳ್ಳು ಚುಚ್ಚಿ ರಕ್ತ ಬಂದಿತ್ತು. ಕಣ್ಣು ಊದಿಕೊಂಡಿತ್ತು.

"ಕಳೆಗೆ ಯಾಕಕ್ಕ ಬೇಲಿ?" ಅಂದ.

ಅವಳು ತಲೆ ಎತ್ತಲಿಲ್ಲ. ಇನ್ನೊಂದು ಮುಳ್ಳು ಊರಿ, ಅಲ್ಲಾಡಿಸಿ ಗಟ್ಟಿ ಇದೆಯಾ ನೋಡಿದಳು.

"ನನ್ನ ಹಿತ್ತಿಲು ಕಣೋ, ನನ್ನಿಷ್ಟ. ನೀನು ಬಸ್ಸು ಹಿಡಿ ಹೋಗು."